ಭಾವನ ನಲವತ್ತೆರಡು ಕಿಲೋಮೀಟರು

ನನ್ನ ಭಾವನಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಮ್ಯಾರಥಾನ್ ಹುಚ್ಚು ಹಿಡಿಯಿತು. ಹಿಡಿಯಲು ಹುಚ್ಚಿಗೆ ಹೆಚ್ಚೇನೂ ಕಷ್ಟವಾಗಿರಲಿಕ್ಕಿಲ್ಲ. ಅವರು ಓಡುವ ವೇಗಕ್ಕೆ ಯಾರು ಬೇಕಾದರೂ ಹಿಡಿಯಬಹುದು!

ಭಾವ ಎಂದರೆ ಅಕ್ಕನ ಗಂಡ. ಊರು ಉಡುಪಿ ಕಡೆ, ಮನೆ ಮುಂಬೈ ಪಕ್ಕದ ನೆರೂಳ, ಅಲ್ಲೇ ಹತ್ತಿರದ ಸೀವುಡ್ಸ್‌ನಲ್ಲಿ ಒಂದು ಸಣ್ಣ ಹೋಟೆಲು. ಮೂವತ್ತು ವರ್ಷ ಗಲ್ಲಾದ ಹಿಂದೆ ಕೂತು ಕೂತು ಅವರ ಹೊಟ್ಟೆ ಗಲ್ಲಾಕ್ಕಿಂತ ಎರಡಿಂಚು ಮುಂದೆ ಬಂದಿತ್ತು. ಡಾಕ್ಟರು "ಸ್ವಲ್ಪ ನಡೆಯಿರಿ" ಎಂದರು. ಪಾಪ, ಡಾಕ್ಟರಿಗೇನು ಗೊತ್ತು! ನಮ್ಮ ಭಾವ ಜೀವಮಾನದಲ್ಲಿ ಯಾವುದನ್ನು ತಾನೇ ಸ್ವಲ್ಪ ಮಾಡಿದ್ದಾರೆ?

ಮೊದಲ ತಿಂಗಳು ಗಿಳಿಹಸಿರು ಬೂಟು ಬಂತು. ಎರಡನೆಯ ತಿಂಗಳು ಎದೆಬಡಿತ ಎಣಿಸುವ ವಾಚು ಬಂತು. ಮೂರನೆಯ ತಿಂಗಳಿಂದ ನಾವು ನೆಂಟರೆಲ್ಲ ಅವರ ಫೋನು ಎತ್ತುವುದನ್ನೇ ಬಿಟ್ಟೆವು. ಎತ್ತಿದರೆ ಏನು ಕೇಳುತ್ತಾರೆ? ಆರೋಗ್ಯವೇ, ಮಕ್ಕಳು ಹೇಗಿದ್ದಾರೆ? ಊಹೂಂ!

"ಇವತ್ತು ಹದಿನೆಂಟು ಕಿಲೋಮೀಟರ್. ಕೊನೆಯ ಆರು ಸ್ಪೀಡಲ್ಲಿ. ಎದೆಬಡಿತ ಎಷ್ಟಿತ್ತು ಹೇಳು ನೋಡುವ?"

ಡೊಂಬಿವಲಿಯಲ್ಲಿ ಲೋಕಲ್ ಹತ್ತಿ ಶಹಾಡಿನ ಫ್ಯಾಕ್ಟರಿ ಆಫೀಸಿಗೆ ಹೋಗಿಬರುವ ಗುಮಾಸ್ತ ನಾನು. ಇಳಿದ ಮೇಲೂ ಎದೆ ಬಡಿಯುತ್ತಿದ್ದರೆ ಸಾಕು, ಎಣಿಸಿದವರ್ಯಾರು!

ಬರೀ ಓಡಿದರೆ ಮುಗಿಯಿತೇ? ಇಲ್ಲವಂತೆ. "ಕಾಲಿಗೆ ಶಕ್ತಿ ಬರುವ ವ್ಯಾಯಾಮ ಮಾಡದಿದ್ದರೆ ಮೂವತ್ತನೇ ಕಿಲೋಮೀಟರಿಗೆ ಕಾಲು ಕೈ ಕೊಡ್ತದೆ ಮಾರಾಯ" ಎಂದರು. ಆಗ ಕೈ ಏನು ಕೊಡುತ್ತದೆ ಎಂದು ನಾನು ಕೇಳಲಿಲ್ಲ.

ಒಮ್ಮೆ ಇಬ್ಬರೂ ಒಂದು ಮದುವೆಗೆ ಹೊರಟು ಠಾಣೆ ಸ್ಟೇಷನ್ನಿನಲ್ಲಿ ಇಳಿದೆವು. ಹೊತ್ತು ಬೆಳಗಿನ ಒಂಬತ್ತು. ಬ್ರಿಜ್ಜಿನ ಮೆಟ್ಟಿಲಲ್ಲಿ ಮೂರು ರೈಲಿನ ಜನ. ರೇಷ್ಮೆ ಪಂಚೆ ಉಟ್ಟಿದ್ದ ಭಾವ ನಡುವೆ ಗಕ್ಕನೆ ನಿಂತರು. ಮೆಟ್ಟಿಲ ಅಂಚಿನಲ್ಲಿ ತುದಿಗಾಲು, ಹಿಮ್ಮಡಿ ಗಾಳಿಯಲ್ಲಿ! ಒಂದು ಸಲ ಮೇಲೆ, ಒಂದು ಸಲ ಕೆಳಗೆ. "ಮೀನಖಂಡಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ" ಎಂದರು. ಹಿಂದಿದ್ದ ಹೆಂಗಸೊಬ್ಬಳು ಟಿಫಿನ್ ಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ಕೂಗಿದಳು:

"ಕಾಕಾ, ವರ ಜಾಯ್ಚಂ ಕೀ ಖಾಲೀ? ಏಕ್ ಕಾಯ್ ತೇ ಠರ್ವಾ!"

ಮೇಲೋ ಕೆಳಗೋ ಒಂದು ತೀರ್ಮಾನ ಮಾಡಿ ಎಂದು ಆಕೆ ಬೇಡುತ್ತಿದ್ದರೆ ಭಾವ "ಹನ್ನೆರಡು, ಹದಿಮೂರು" ಎಂದು ಎಣಿಸುತ್ತಲೇ ಇದ್ದರು. ನಾನು ಅವರ ಪರಿಚಯವಿಲ್ಲದವನ ಹಾಗೆ ಹತ್ತಿಹೋದೆ. ನೀವಾದರೆ ಏನು ಮಾಡುತ್ತಿದ್ದಿರಿ?

ಊಟದ ಕತೆ ಇನ್ನೂ ಚೆಂದ. ಒಂದು ಬೆಳಿಗ್ಗೆ ಅವರದೇ ಹೋಟೆಲಿನಲ್ಲಿ ನಾನು ಬನ್ಸ್ ತರಿಸಿದೆ. ಉಬ್ಬಿದ, ಬಿಸಿಬಿಸಿ ಬನ್ಸ್. ಭಾವ ಹಾವು ಕಂಡವರ ಹಾಗೆ ಹಾರಿದರು. "ಮೈದಾ! ಎಣ್ಣೆ! ಸಕ್ಕರೆ! ಇದನ್ನು ಮನುಷ್ಯರು ತಿಂತಾರಾ?" ಸುತ್ತಮುತ್ತಲಿನ ನಾಲ್ಕು ಟೇಬಲಿನ ಗಿರಾಕಿಗಳು ಬಾಯಿಗೆ ಒಯ್ದದ್ದನ್ನು ಕೆಳಗಿಟ್ಟರು. ಅಡುಗೆಭಟ್ಟರು ಏಪ್ರನ್ ಬಿಚ್ಚಿಟ್ಟು ಊರಿಗೆ ಹೊರಟೇಬಿಟ್ಟರು. ಅಕ್ಕ ಬಂದು ಕೈಮುಗಿದು ನಿಲ್ಲಿಸಬೇಕಾಯಿತು. ತನ್ನ ಹೋಟೆಲಿನ ವಿರುದ್ಧ ತಾನೇ ಪ್ರಚಾರ ಮಾಡುವ ಮಾಲೀಕ ಈ ಮುಂಬೈ ಸೀಮೆಯಲ್ಲಿ ಇನ್ನೊಬ್ಬನಿದ್ದರೆ ತೋರಿಸಿ!

ಎರಡು ವರ್ಷ ಅನ್ನವನ್ನು ಅಳೆದು ತಿಂದ ಇದೇ ಮಹಾಶಯರು ಒಂದು ಶುಕ್ರವಾರ ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಬಂದರು. ಭಾನುವಾರ ಠಾಣೆಯಲ್ಲಿ ಅರ್ಧ ಮ್ಯಾರಥಾನಂತೆ. ಓಟಕ್ಕೆ ಎರಡು ದಿನ ಮೊದಲು ಅನ್ನ ತಿಂದು ಮೈಯಲ್ಲಿ ಶಕ್ತಿ ತುಂಬಿಸಿಕೊಳ್ಳಬೇಕಂತೆ. ಮೊದಲ ಪಂಕ್ತಿಯಲ್ಲಿ ಕೂತರು. ಎರಡನೆಯದರಲ್ಲೂ ಎಲೆ ಬಿಟ್ಟೇಳಲಿಲ್ಲ. "ಇದು ಊಟ ಅಲ್ಲ, ಫ್ಯುಯೆಲ್" ಎಂದು ನನ್ನ ಹೆಂಡತಿಗೆ ಸಮಾಧಾನ ಹೇಳಿದರು. ಕೊನೆಯ ಪಂಕ್ತಿಗೆ ನಾನು ಓಡಿಹೋಗಿ ಪಾವ್ ತಂದೆ. ಅಷ್ಟು ಪೆಟ್ರೋಲು ಹಾಕಿದ ಗಾಡಿ ಭಾನುವಾರ ಹೇಗೆ ಓಡಿತು ಗೊತ್ತೇ? ಮುಗಿಯುವ ಜಾಗದ ಕಮಾನನ್ನು ಬಿಚ್ಚುತ್ತಿದ್ದ ಕೆಲಸಗಾರರು, ಇವರು ಬರುವುದನ್ನು ಕಂಡು, ಅದನ್ನು ಎರಡು ನಿಮಿಷ ಕೈಯಲ್ಲೇ ಎತ್ತಿ ಹಿಡಿದು ನಿಂತರು!

ಅದಾದ ಮೇಲಾದರೂ ಬುದ್ಧಿ ಬಂತೇ? ಚಳಿಗಾಲದ ಪೂರ್ತಿ ಮ್ಯಾರಥಾನಿಗೆ ಹೆಸರು ಕೊಟ್ಟರು. ನಲವತ್ತೆರಡು ಕಿಲೋಮೀಟರು!

ದೀಪಾವಳಿ ಮುಗಿದ ವಾರ ನಾನು ಆಫೀಸಿನ ಒದ್ದೆ ಮೆಟ್ಟಿಲಲ್ಲಿ ಜಾರಿಬಿದ್ದೆ. ತೊಡೆಮೂಳೆ ಮುರಿಯಿತು. ಒಳಗೆ ರಾಡು ಹಾಕಿದರು. ಡಾಕ್ಟರು ಎದ್ದು ನಿಲ್ಲಿ ಎಂದರು, ನಾನು ನಿಲ್ಲಲಿಲ್ಲ. ನೋವೆಂದೆ. ನೋವಲ್ಲ, ಮತ್ತೆ ಬಿದ್ದರೆ ಎಂಬ ಭಯ. ಮನೆಗೆ ಬಂದ ಮೇಲೂ ಗೋಡೆಗೆ ಮುಖ ಮಾಡಿ ಮಲಗಿದವನು, ಇನ್ನು ಕೆಲಸ ಬಿಡುತ್ತೇನೆ ಎಂದುಬಿಟ್ಟೆ. ಹೆಂಡತಿ ಅಳುತ್ತ ಅಕ್ಕನಿಗೆ ಫೋನು ಮಾಡಿದಳಂತೆ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಭಾವ ಬಂದು ಮಂಚದ ಪಕ್ಕ ಕೂತರು. ಭಾಷಣಕ್ಕೆ ಸಿದ್ಧನಾದೆ.

"ಹೆದರಿಕೆ ಆಗ್ತದಾ?" ಎಂದರು.

"ಹೌದು ಭಾವ." ಯಾರಿಗೂ ಹೇಳದಿದ್ದ ಮಾತು.

"ಆಗಲಿ. ನಾಳೆಯೂ ಬರ್ತೇನೆ."

ಬಂದರು. ನೆರೂಳದಿಂದ ಠಾಣೆಗೆ, ಅಲ್ಲಿಂದ ಡೊಂಬಿವಲಿಗೆ, ದಿನಾ. ಮಲಗಿದಲ್ಲೇ ಹತ್ತು ಸಲ ಕಾಲೆತ್ತಿಸಿದರು. ಮಂಚದ ಅಂಚಿನಲ್ಲಿ ಕೂರಿಸಿದರು. ಹೆಗಲು ಕೊಟ್ಟು ನಿಲ್ಲಿಸಿದರು. ವಾಕರ್ ಹಿಡಿಸಿ ಕೋಣೆಯೊಳಗೆ ನಡೆಸಿದರು. ನಾನು ಸಿಟ್ಟಿನಲ್ಲಿ ಬೈದ ದಿನವೂ ಬಿಡಲಿಲ್ಲ. ಅವರು ಉದ್ದುದ್ದ ಓಡಬೇಕಾದ ವಾರಗಳು ಅವೇ ಎಂದು ನನಗೆ ಗೊತ್ತಿತ್ತು. ಕೇಳಲಿಲ್ಲ. ಕೇಳಿದರೆ ಎಲ್ಲಿ ಹೊರಟುಬಿಡುತ್ತಾರೋ ಎಂಬ ಸ್ವಾರ್ಥ.

ಮ್ಯಾರಥಾನಿನ ಭಾನುವಾರ, ಆ ಜನಸಾಗರದಲ್ಲಿ ಎಲ್ಲಾದರೂ ಕಾಣುತ್ತಾರೇನೋ ಎಂದು ಟೀವಿ ಹಾಕಿದೆ. ಬಾಗಿಲ ಬೆಲ್ ಆಯಿತು. ಬಾಗಿಲಲ್ಲಿ ಭಾವ.

"ರೇಸು?"

"ಅದು ಬರುವ ವರ್ಷವೂ ಉಂಟು."

"ಇಷ್ಟೆಲ್ಲ ತಯಾರಿ ಮಾಡಿದ್ದೀರಲ್ಲ ಭಾವ!"

"ಮಾಡಿದ್ದೆ. ಈಗ ಏಳು. ಇವತ್ತು ಗೇಟಿನ ತನಕ ಹೋಗ್ಲಿಕ್ಕುಂಟು."

ವಾಕರ್ ಮನೆಯಲ್ಲೇ ಬಿಡಿಸಿ ಕೈಗೆ ಕೋಲು ಕೊಟ್ಟರು. ಲಿಫ್ಟಿನಿಂದ ಸೊಸೈಟಿಯ ಗೇಟಿಗೆ ಎಂಬತ್ತು ಹೆಜ್ಜೆಯೂ ಇಲ್ಲ. ಭಾವ ನನಗೆ ಮುಖ ಮಾಡಿ, ಎರಡೂ ಕೈ ಚಾಚಿಕೊಂಡು, ಹಿಂದೆ ಹಿಂದೆ ನಡೆದರು. ನಡುವೆ ಸ್ಕೂಟರುಗಳ ಪಕ್ಕ ನಾನು ಕೋಲೂರಿ ನಿಂತುಬಿಟ್ಟೆ.

"ಸಾಕು ಭಾವ. ವಾಪಸ್ ಹೋಗುವ."

ಅವರ ಕಣ್ಣು ತುಂಬಿತ್ತು. ಚಾಚಿದ ಕೈಗಳನ್ನು ಮೆಲ್ಲಗೆ ಇಳಿಸಿ ಬೆನ್ನ ಹಿಂದೆ ಕಟ್ಟಿಕೊಂಡರು.

"ಬಾ" ಎಂದರು.

ನಾನು ಹೋದೆ.