ಹಾಜರಿ ಹತ್ತು, ತಲೆ ಹನ್ನೊಂದು

“ಹನ್ನೊಂದರಲ್ಲಿ ಒಬ್ಬಳು ತಪ್ಪಿದರೂ ನನ್ನ ಹೆಸರು ಜಗದಾಂಬಾ ಅಲ್ಲ!”

ಈ ಭೀಷಣ ಪ್ರತಿಜ್ಞೆ ಮಾಡಿದಾಗ ನನ್ನ ಬಲಗೈಯಲ್ಲಿ ಲಟ್ಟಣಿಗೆ ಇತ್ತು. ಮಹಾಪುರುಷರು ಪ್ರತಿಜ್ಞೆ ಮಾಡುವಾಗ ಕೈಯಲ್ಲಿ ಖಡ್ಗ ಇರುತ್ತಿತ್ತಂತೆ. ಇರಲಿ, ಅವರಿಗೆ ಹೆಂಚಿನ ಮೇಲೆ ಚಪಾತಿ ಇರುತ್ತಿರಲಿಲ್ಲ!

ಎದುರಿಗೆ ಅಲಮೇಲು ಕೂತಿದ್ದಳು. ದಾವಣಗೆರೆ ಕಡೆ ನಾನು ಓದಿದ ಹೆಣ್ಣುಮಕ್ಕಳ ಹೈಸ್ಕೂಲಿಗೆ ಬೆಂಗಳೂರಿನಲ್ಲಿ ಒಂದು ಹಳೆಯ ವಿದ್ಯಾರ್ಥಿನಿಯರ ಸಂಘ ಉಂಟು. ಅದಕ್ಕೆ ಅಲಮೇಲುವೇ ಕಾರ್ಯದರ್ಶಿ. ನನಗಿಂತ ನಾಲ್ಕು ವರ್ಷ ಕಿರಿಯಳು, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ, ಮದುವೆಯಾಗಿಲ್ಲ. ಆದ್ದರಿಂದಲೇ ಅವಳಿಗೆ ಸಂಘ ನಡೆಸಲೂ, ಮೂರು ತಿಂಗಳಿಗೊಮ್ಮೆ ಸೈಕ್ಲೋಸ್ಟೈಲ್ ಮಾಡಿದ ‘ಸಂಘದ ವಾರ್ತೆ’ ಹಂಚಲೂ ಪುರುಸೊತ್ತು. ಅವತ್ತು ಅವಳು ತಂದ ವಾರ್ತೆ ಮಾತ್ರ ಅಚ್ಚಿಗೂ ಮೊದಲಿನದು.

“ಅಕ್ಕಾ, ನಿಮ್ಮ ಶಿವಗಂಗಮ್ಮ ಮಿಸ್ ಬಸವೇಶ್ವರನಗರಕ್ಕೆ ಬಂದಿದಾರೆ, ಮಗನ ಮನೆಗೆ. ಟ್ರಂಕಿನಲ್ಲಿ ನಿಮ್ಮ ಕ್ಲಾಸಿನ ಹಾಜರಿ ಪುಸ್ತಕ ಇಟ್ಕೊಂಡಿದಾರೆ. ಐವತ್ತಾರನೇ ಇಸವಿ ಎಸ್ಸೆಸ್ಸೆಲ್ಸಿದು!”

“ಅದನ್ಯಾಕೆ ಇಟ್ಕೊಂಡಿದಾರೆ?”

“ಕೊನೇ ದಿನದ ಹಾಜರಿ ಹಾಕೋದು ಉಳಿದುಬಿಟ್ಟಿದೆಯಂತೆ. ಅವತ್ತು ನೀವೆಲ್ಲ ಗ್ರೂಪ್ ಫೋಟೋಕ್ಕೆ ಅಂತ ಓಡಿಹೋದ್ರಂತೆ. ಹತ್ತೊಂಬತ್ತು ವರ್ಷದಿಂದ ಆ ಕಾಲಂ ಖಾಲಿ! ಕಣ್ಣಿಗೆ ಪೊರೆ ಬರ್ತಾ ಇದೆ, ಪೂರ್ತಿ ಮಂಜಾಗೋ ಮೊದ್ಲು ಹನ್ನೊಂದು ಹುಡುಗೀರನ್ನೂ ಕೂರಿಸಿ ಒಂದು ಸಲ ಹೆಸರು ಕೂಗ್ಬೇಕು ಅನ್ನೋದೊಂದೇ ಆಸೆ ಅಂತಾರೆ.”

ಆಗಲೇ ನಾನು ಲಟ್ಟಣಿಗೆ ಎತ್ತಿದ್ದು. ಸಭೆ ನಮ್ಮ ರಾಜಾಜಿನಗರದ ಮನೆಯಲ್ಲೇ, ಹನ್ನೊಂದು ಜನರನ್ನೂ ತರುವ ಜವಾಬ್ದಾರಿ ನನ್ನದೇ ಎಂದುಬಿಟ್ಟೆ.

ಪೇಪರಿನ ಹಿಂದಿನಿಂದ ನನ್ನ ಯಜಮಾನರು ಸೋಮಲಿಂಗಪ್ಪನವರ ಧ್ವನಿ ಬಂತು. “ಬೆಳಿಗ್ಗೆ ಇಟ್ಟ ಇಕ್ಕಳ ಸಂಜೆಗೆ ಸಿಗಲ್ಲ ನಿಂಗೆ. ಹತ್ತೊಂಬತ್ತು ವರ್ಷದ ಹಿಂದಿನ ಹೆಂಗಸರು ಸಿಗ್ತಾರಾ?”

“ಸಿಕ್ಕಿದ್ರೆ?”

“ಹನ್ನೊಂದಕ್ಕೆ ಹನ್ನೊಂದೂ ಹಾಜರಾದ್ರೆ ಒಂದು ತಿಂಗಳು ಬೆಳಗಿನ ಕಾಫಿ ನಾನೇ ಮಾಡ್ತೀನಿ. ಹಾಸಿಗೆ ಹತ್ರಾನೇ ತಂದು ಕೊಡ್ತೀನಿ!”

“ಅಲಮೇಲು, ಇದನ್ನ ವಾರ್ತೆಯಲ್ಲಿ ಹಾಕು!” ಎಂದೆ.

ಅವತ್ತೇ ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂದೆ ಪಟ್ಟಿ ಬರೆದೆ. ಮೊದಲನೆಯದು: ನಾನು. ಈಕೆಯನ್ನು ಹುಡುಕುವ ತೊಂದರೆ ಇಲ್ಲ ಎಂದು ಆಗಲೇ ಒಂದು ಗೆರೆ ಎಳೆದೂ ಬಿಟ್ಟೆ. ಉಳಿದವರು ಹತ್ತೇ ಜನ!

ಹತ್ತು ಪೋಸ್ಟ್‌ಕಾರ್ಡು ಹಾಕಿದೆ. ಎಂಟು ವಾಪಸು ಬಂದವು. ‘ಈ ಹೆಸರಿನವರು ಇಲ್ಲ.’ ಸರಿ, ಸ್ವತಃ ಹೊರಟೆ. ನನಗೆ ಸಿಗುವುದು ಡಬ್ಬಿ ಕಟ್ಟಿ, ಪಾತ್ರೆ ತೊಳೆದು, ಬಟ್ಟೆ ಹರವಿದ ಮೇಲೆ ಹನ್ನೊಂದು ಗಂಟೆಯಿಂದ ಮಕ್ಕಳು ಸ್ಕೂಲಿನಿಂದ ಬರುವ ಮೂರೂವರೆವರೆಗೆ. ಈ ನಾಲ್ಕೂವರೆ ಗಂಟೆಯಲ್ಲಿ ಬಿ.ಟಿ.ಎಸ್. ಬಸ್ಸಿಗೆ ಕಾಯುವುದಕ್ಕೇ ಎರಡು ಗಂಟೆ.

ವಿಜಯನಗರದಲ್ಲಿ ಸತ್ಯವತಿ ಇದ್ದಾಳೆಂದು ಕೇಳಿದ್ದೆ. ಮೂಲೆಯ ಅಂಗಡಿಯಲ್ಲಿ ವಿಚಾರಿಸಿದೆ.

“ಯಜಮಾನ್ರ ಹೆಸರು ಹೇಳಿಮ್ಮಾ.”

“ಯಜಮಾನರು ನನ್ನ ಜತೆ ಓದಲಿಲ್ಲಪ್ಪಾ. ಸತ್ಯವತಿ ಓದಿದ್ದು.”

“ಯಾವ ಆಫೀಸು?”

“ಯಾರದು?”

“ಯಜಮಾನ್ರದು!”

ಎರಡು ಸಲ ಬೀದಿ ಸುತ್ತಿದೆ. ಕೊನೆಗೆ ಅವಳು ಸಿಕ್ಕಿದ್ದು ‘ಡಬಲ್ ಗೇಟ್ ಮನೆ ಗೌರಮ್ಮ’ ಎಂಬ ವೇಷದಲ್ಲಿ. ಮದುವೆಯ ದಿನ ಅಕ್ಕಿ ತಟ್ಟೆಯಲ್ಲಿ ಗಂಡನ ಉಂಗುರ ಸತ್ಯವತಿಯನ್ನು ಅಳಿಸಿ ಗೌರಮ್ಮನನ್ನು ಬರೆದಿತ್ತಂತೆ! ನನ್ನನ್ನು ನೋಡಿ ಪಿಳಿಪಿಳಿ ಕಣ್ಣು ಬಿಟ್ಟಳು. “ನಾನು ಕಣೇ, ಮೋಟುಜಡೆ!” ಎಂದೆ. ಸ್ಕೂಲಿನಲ್ಲಿ ನನ್ನ ಜಡೆ ಭುಜ ದಾಟುತ್ತಿರಲಿಲ್ಲ. ಇಡೀ ಕ್ಲಾಸಿಗೆ ನಾನು ಮೋಟುಜಡೆ. ಅಷ್ಟು ಹೇಳಿದ್ದೇ ತಡ, ತಬ್ಬಿಕೊಂಡು ಅತ್ತೇ ಬಿಟ್ಟಳು.

ಎಲ್ಲರಿಗಿಂತ ಮಜಾ ಕೊಟ್ಟವಳು ಕುರುಬರಹಳ್ಳಿಯ ರಾಮಕ್ಕ. ಗೇಟಿನ ಹೊರಗೆ ನಿಂತು, “ರಾಮಕ್ಕ ಇದಾರಾ?” ಎಂದು ಕೂಗಿದೆ.

ಒಳಗೆ ರುಬ್ಬುವ ಸದ್ದು ನಿಂತಿತು. “ಇಲ್ಲಮ್ಮಾ, ಆ ಹೆಸರಿನೋರು ಯಾರೂ ಇಲ್ಲ, ಮುಂದಿನ ಮನೇಲಿ ಕೇಳಿ!”

ಮುಂದಿನ ಮನೆ ತಲುಪುವಷ್ಟರಲ್ಲಿ ಹಿಂದಿನಿಂದ ಒಬ್ಬ ಹೆಂಗಸು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. “ರೀ! ರೀ! ರಾಮಕ್ಕ ಅಂದ್ರೆ ನಾನೇ ಅಲ್ವೇನ್ರೀ!”

ಮನೆಗೆ ಬಂದು ಯಜಮಾನರಿಗೆ ಇದನ್ನು ಹೇಳಿ ಹೇಳಿ ನಕ್ಕೆ. “ಗಂಡನ ಹೆಸರು ಮರೀಲಿ, ದೇವರ ಹೆಸರು ಮರೀಲಿ, ಯಾರಾದ್ರೂ ಸ್ವಂತ ಹೆಸರು ಮರೀತಾರೇನ್ರೀ? ತಲೇಲಿ ಏನಿದೆ ಅವಳಿಗೆ?”

“ಉದ್ದಿನ ಹಿಟ್ಟು,” ಎಂದು ಅವರು ಪೇಪರಿನ ಪುಟ ತಿರುವಿದರು.

ಒಬ್ಬಳು ಇನ್ನೊಬ್ಬಳ ಸುಳಿವು ಕೊಟ್ಟಳು. ಕೆಂಗೇರಿಯ ಅಣ್ಣಮ್ಮ ಒಬ್ಬಳೇ ತುಮಕೂರು, ಅರಸೀಕೆರೆ, ಶಿವಮೊಗ್ಗ ಮೂರನ್ನೂ ಹಿಡಿದು ಕೊಟ್ಟಳು. ಒಂದೂವರೆ ತಿಂಗಳಲ್ಲಿ ನನ್ನ ಚಪ್ಪಲಿ ಎರಡು ಸಲ ಉಂಗುಷ್ಠ ಹಾಕಿಸಿಕೊಂಡಿತು, ಪಟ್ಟಿಯಲ್ಲಿ ಹನ್ನೊಂದು ಗೆರೆ ಬಿತ್ತು. ‘ಶ್ರೀಮತಿ ಜಗದಾಂಬಾ ಸೋಮಲಿಂಗಪ್ಪನವರ ಮನೆಯಲ್ಲಿ ಹನ್ನೊಂದೂ ಮಂದಿಯ ಅಪೂರ್ವ ಸಮಾಗಮ!’ ಎಂದು ಅಲಮೇಲು ವಾರ್ತೆಯಲ್ಲಿ ಮುಂಚಿತವಾಗಿಯೇ ಹಾಕಿದಳು.

ಆ ಭಾನುವಾರ ಯಜಮಾನರನ್ನೂ ಮಕ್ಕಳನ್ನೂ ಮಲ್ಲೇಶ್ವರದ ಭಾವನವರ ಮನೆಗೆ ಅಟ್ಟಿದೆ. ಹಾಲ್ ತುಂಬ ಚಾಪೆ. ಹನ್ನೊಂದು ಜನಕ್ಕೆ ಉಪ್ಪಿಟ್ಟು, ಶಿರಾ, ಕಾಫಿ. ಹತ್ತು ಜನ ಒಬ್ಬೊಬ್ಬರಾಗಿ ಬಂದರು. “ಅಯ್ಯೋ, ನೀನಾ?” “ಎಷ್ಟು ದಪ್ಪ ಆಗಿದೀಯೇ!” “ಹಲ್ಲು ಕಟ್ಟಿಸ್ಕೊಂಡ್ಯಾ?” ಎಂಬ ಗದ್ದಲ ಎದುರು ಮನೆಯ ರೇಡಿಯೋವನ್ನೂ ಮುಳುಗಿಸಿತು. ಅದನ್ನೆಲ್ಲ ನಾನು ಒಗ್ಗರಣೆಯ ಚಟಪಟದ ನಡುವೆ ಅಡುಗೆಮನೆಯಿಂದಲೇ ಕೇಳಿಸಿಕೊಂಡೆ.

ಶಿವಗಂಗಮ್ಮ ಮಿಸ್ ಬಂದರು. ಅದೇ ಗಂಜಿ ಹಾಕಿದ ಬಿಳಿ ಸೀರೆ, ಈಗ ದಪ್ಪ ಗಾಜಿನ ಕನ್ನಡಕ. ಎಲ್ಲರೂ ದಡಬಡ ಎದ್ದು ನಿಂತೆವು.

“ಕೂತ್ಕೊಳಿ. ಮಾತು ಬೇಡ. ಒಂದೊಂದು ಹೆಸರು ಒಂದೇ ಸಲ ಕೂಗ್ತೀನಿ. ನನ್ನ ಪದ್ಧತಿ ಗೊತ್ತಲ್ಲ? ಒಂದು ಸಲ ಹಾಕಿದ್ದನ್ನ ತಿದ್ದೋದಿಲ್ಲ.”

ಪುಸ್ತಕ ತೆರೆದರು. ಆ ಹಳೆಯ ಕಾಗದದ ವಾಸನೆಗೆ ನಲವತ್ತರ ಹತ್ತಿರದ ಹೆಂಗಸರೆಲ್ಲ ಚಕ್ಕಳಮಕ್ಕಳ ಹಾಕಿಕೊಂಡು ಕೈ ಕಟ್ಟಿ ಕೂತರು. ನಾನು ಅಡುಗೆಮನೆಯ ಬಾಗಿಲಲ್ಲಿ, ಎಡಗೈಯಲ್ಲಿ ಪಟ್ಟಿ, ಬಲಗೈಯಲ್ಲಿ ಸೌಟು. ಒಂದು ಕಣ್ಣು ಹಾಲ್ ಕಡೆಗೆ, ಒಂದು ಕಣ್ಣು ಬಾಣಲೆಯ ಮೇಲೆ.

“ಕೆ. ಅಣ್ಣಮ್ಮ.”

“ಪ್ರೆಸೆಂಟ್ ಮಿಸ್!” ಅಣ್ಣಮ್ಮ ಕೈ ಎತ್ತಿದಳು.

ಒಂದು, ಎರಡು, ಮೂರು... ಆರು ಜನರ ಹಾಜರಿ ಆಯಿತು. ಸೆರಗಿನ ತುದಿಗಳು ಕಣ್ಣಿಗೆ ಏರತೊಡಗಿದವು. ನನ್ನ ಎದೆ ಹೆಮ್ಮೆಯಿಂದ ಉಬ್ಬಿತು. ಕಾಫಿಯ ಲೋಟ ಹಾಸಿಗೆಯತ್ತ ತೇಲಿ ಬರುತ್ತಿರುವಂತೆ ಕಂಡಿತು.

“ಎಚ್. ಬಸವ್ವ.”

ಮಿಸ್ ಕಾದರು. ನಾನೂ ಕಾದೆ.

ಮಿಸ್ ಕೆಂಪು ಶಾಯಿಯ ಪೆನ್ನು ತೆಗೆದು ‘ಎ’ ಎಂದು ಬರೆದರು. ಆಬ್ಸೆಂಟ್! ಉಳಿದ ನಾಲ್ಕು ಹೆಸರು ಕೂಗಿ, ನಾಲ್ಕು ‘ಪ್ರೆಸೆಂಟ್ ಮಿಸ್’ ಕೇಳಿ, ಪುಸ್ತಕ ಮಡಚಿದರು. “ಹತ್ತು,” ಎಂದು ನಿಟ್ಟುಸಿರು ಬಿಟ್ಟರು. “ಹೋಗಲಿ ಬಿಡಿ. ಹನ್ನೊಂದೂ ಆಗತ್ತೆ ಅಂದ್ಕೊಂಡಿದ್ದೆ.”

ನನ್ನ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ! “ಯಾರೇ ಅದು ಬಸವ್ವ?” ಎಂದು ಕೇಳಿದೆ.

“ತೆಳ್ಳಗೆ, ಕೊನೇ ಬೆಂಚಲ್ಲಿ ಕೂರ್ತಿದ್ದೋಳಾ?” ಎಂದಳು ಸತ್ಯವತಿ. “ಮದರಾಸಿಗೆ ಕೊಟ್ರು ಅಂತ ಕೇಳಿದ್ದೆ.”

“ಇಲ್ಲ ಕಣೇ,” ಎಂದು ರಾಮಕ್ಕ ದನಿ ತಗ್ಗಿಸಿದಳು. “ಹೆರಿಗೇಲಿ ಹೋಗ್ಬಿಟ್ಳು ಅಂತ ಯಾರೋ ಅಂದಂಗೆ ನೆನಪು.”

“ಅಯ್ಯೋ ಪಾಪ!” ಎಂದೆ. ಕಣ್ಣಲ್ಲಿ ನೀರೂ ಬಂತು. ಒಂದು ನಿಮಿಷ ಎಲ್ಲರೂ ತಲೆ ತಗ್ಗಿಸಿ ಬಸವ್ವನಿಗಾಗಿ ಮೌನ ಆಚರಿಸಿದೆವು.

ಆಗ ಅಲಮೇಲು ಗಂಟಲು ಸರಿಮಾಡಿಕೊಂಡಳು. “ಅಕ್ಕಾ, ಒಂದು ಅನುಮಾನ. ಹಾಜರಿ ಹತ್ತು. ಆದ್ರೆ ನನ್ನನ್ನೂ ಮಿಸ್ಸನ್ನೂ ಬಿಟ್ಟು ಎಣಿಸಿದ್ರೆ ಇಲ್ಲಿ ತಲೆ ಹನ್ನೊಂದಿದೆ!”

ಎಣಿಸಿದೆ. ಹನ್ನೊಂದು! ಮತ್ತೆ ಎಣಿಸಿದೆ. ಹನ್ನೊಂದೇ! ಸತ್ತವಳೊಬ್ಬಳು ಗೈರುಹಾಜರಾಗಿದ್ದರೂ ಲೆಕ್ಕ ಸರಿಯಾಗಿದೆ ಎಂದರೆ ಅರ್ಥ ಒಂದೇ. ನಮ್ಮೊಳಗೆ ಯಾರೋ ಹೊರಗಿನವಳು ಸೇರಿಕೊಂಡಿದ್ದಾಳೆ! ನನ್ನ ಉಪ್ಪಿಟ್ಟಿಗೆ ಬಂದವಳು!

“ಯಾರೂ ಜಾಗ ಬಿಟ್ಟು ಏಳ್ಬೇಡಿ!” ಎಂದು ಸೌಟು ಎತ್ತಿದೆ. ಪೊಲೀಸರು ಲಾಠಿ ಹಿಡಿಯುವುದಕ್ಕಿಂತ ನಾನು ಸೌಟು ಹಿಡಿಯುವುದು ಹಳೆಯ ಅಭ್ಯಾಸ. ಒಬ್ಬೊಬ್ಬಳ ಎದುರಿಗೆ ನಿಂತು ಕೇಳುತ್ತಾ ಹೋದೆ. “ಸ್ಕೂಲಿನಲ್ಲಿ ನಿನ್ನ ಹೆಸರೇನಿತ್ತು? ತಂದೆ ಯಾರು? ಲೆಕ್ಕದಲ್ಲಿ ಎಷ್ಟು ಬಂದಿತ್ತು?” ಹತ್ತೂ ಜನ ಪಟಪಟ ಉತ್ತರ ಹೇಳಿದರು. ಲೆಕ್ಕದಲ್ಲಿ ಬಂದದ್ದನ್ನು ಮಾತ್ರ ಎಲ್ಲರೂ ಹತ್ತು ಹೆಚ್ಚಿಗೆ ಹೇಳಿದರು.

“ಎಲ್ಲರೂ ಸರಿ ಇದಾರೆ ಮಿಸ್!” ಎಂದೆ.

ಮಿಸ್ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. “ನಿನ್ನ ಹೆಸರೇನಮ್ಮಾ?”

“ನಾನಾ? ಜಗದಾಂಬಾ ಮಿಸ್!”

ಅವರ ಬೆರಳು ಪುಟದ ಮೇಲಿಂದ ಕೆಳಕ್ಕೆ ಹೋಯಿತು. ಕೆಳಗಿನಿಂದ ಮೇಲಕ್ಕೆ ಬಂತು. “ಜಗದಾಂಬಾ ಅಂತ ಈ ಕ್ಲಾಸಲ್ಲಿ ಯಾರೂ ಇರ್ಲಿಲ್ವಲ್ಲ.”

ಹತ್ತು ಜೊತೆ ಕಣ್ಣು ನನ್ನ ಕಡೆ ತಿರುಗಿದವು. ನನ್ನ ಮನೆಯಲ್ಲೇ, ನನ್ನ ಚಾಪೆಯ ಮೇಲೆಯೇ, ನಾನು ಕಳ್ಳಿ! ಅಷ್ಟರಲ್ಲಿ ಬಾಣಲೆಯಿಂದ ಸೀದ ವಾಸನೆ ಬಂತು. ಗಾಬರಿಯಲ್ಲಿ ಒಳಗೆ ನೋಡಲೋ ಹೊರಗೆ ನೋಡಲೋ ತಿಳಿಯದೆ ಕತ್ತು ತಿರುಗಿಸಿದೆ. ತಕ್ಷಣ ಮಿಸ್ಸಿನ ಅಂಗೈ ಪುಸ್ತಕದ ಮೇಲೆ ಫಟ್ಟೆಂದು ಬಿತ್ತು.

“ಬಸವ್ವಾ! ಹೆಸರು ಕೂಗಿದಾಗ ಬೇರೆ ಕಡೆ ನೋಡೋ ಅಭ್ಯಾಸ ಇನ್ನೂ ಹೋಗಿಲ್ವಾ ನಿಂಗೆ?”

ನನ್ನ ಕೈ ತಾನಾಗಿಯೇ ಮೇಲೆದ್ದಿತು, ಸೌಟಿನ ಸಮೇತ. “ಪ್ರೆಸೆಂಟ್ ಮಿಸ್!”

ಹೌದು, ನಾನೇ! ತವರಿನಲ್ಲಿ ಪುಟ್ಟವ್ವ, ಸ್ಕೂಲಿನಲ್ಲಿ ಮೋಟುಜಡೆ. ಬಸವ್ವ ಎಂದು ನನ್ನನ್ನು ಕರೆಯುತ್ತಿದ್ದದ್ದು ಆ ಹಾಜರಿ ಪುಸ್ತಕ ಒಂದೇ. ಪಟ್ಟಣದ ನೌಕರಿಯ ಮಗನ ಹೆಂಡತಿಗೆ ಇನ್ನೂ ಭಾರಿ ಹೆಸರು ಬೇಕೆಂದು ಅತ್ತೆ ಹೇಳಿದ್ದು, ಅಕ್ಕಿ ತಟ್ಟೆಯಲ್ಲಿ ಯಜಮಾನರ ಉಂಗುರ ‘ಜಗದಾಂಬಾ’ ಎಂದು ಬರೆದದ್ದು, ಮರುದಿನ ಆ ಅಕ್ಕಿಯನ್ನೇ ನಾನು ಅನ್ನ ಮಾಡಿ ಬಡಿಸಿದ್ದು, ಎಲ್ಲ ಒಮ್ಮೆಗೇ ನೆನಪಾಯಿತು. ನನಗೆ ನಾನೇ ಒಂದು ನಿಮಿಷ ಮೌನ ಆಚರಿಸಿದ್ದೂ!

ರಾಮಕ್ಕ ನೆಲಕ್ಕೆ ಬಿದ್ದು ನಕ್ಕಳು. ನಗುವ ಹಕ್ಕು ಅವಳಿಗಿತ್ತು.

“ಮಿಸ್, ಆ ‘ಎ’ ತಿದ್ದಿ ಮಿಸ್,” ಎಂದು ಗೋಗರೆದೆ.

“ತಿದ್ದೋದಿಲ್ಲ,” ಎಂದರು ಮಿಸ್. ಆಮೇಲೆ ನನ್ನ ಕೆನ್ನೆ ಸವರಿ ಮೆಲ್ಲಗೆ ಅಂದರು: “ಕೂಗಿದಾಗ ನೀನು ಇರ್ಲಿಲ್ಲ ಕಣೇ.”

ಸೀದ ಉಪ್ಪಿಟ್ಟನ್ನು ಎಲ್ಲರೂ ತಳ ಕೆರೆದು ತಿಂದರು.

ಸಂಜೆ ಯಜಮಾನರು ಬಂದರು. “ಎಲ್ಲಾ ಬಂದಿದ್ರಾ?”

“ಹನ್ನೊಂದೂ ತಲೆ ಇತ್ತು,” ಎಂದೆ. ಸುಳ್ಳೇನಲ್ಲವಲ್ಲ!

ಮಾತಿನ ಮನುಷ್ಯ. ಮರುದಿನದಿಂದ ಕಾಫಿ ಶುರು. “ಜಗದಾ, ಫಿಲ್ಟರ್ ಎಲ್ಲಿ? ಜಗದಾ, ಇದು ಸಕ್ಕರೆನೋ ಉಪ್ಪೋ? ಜಗದಾ, ಹಾಲು ಯಾಕೆ ಮೇಲೆ ಬರ್ತಾ ಇದೆ?” ಅವರು ಕಾಫಿ ಮಾಡುವುದನ್ನು ನೋಡಿಕೊಳ್ಳಲು ನಾನು ದಿನಕ್ಕಿಂತ ಅರ್ಧ ಗಂಟೆ ಮುಂಚೆ ಏಳಬೇಕಾಯಿತು. ಆದರೂ ಗೆಲುವು ಗೆಲುವೇ!

ಏಳನೆಯ ದಿನ ‘ಸಂಘದ ವಾರ್ತೆ’ಯ ವಿಶೇಷ ಸಂಚಿಕೆ ಬಂತು. ಅಲಮೇಲು ಸತ್ಯಸಂಧಳು, ಪುಸ್ತಕದಲ್ಲಿದ್ದದ್ದನ್ನೇ ಅಚ್ಚು ಹಾಕಿದ್ದಳು. ಯಜಮಾನರು ಗಟ್ಟಿಯಾಗಿ ಓದಿದರು: “‘ಹಾಜರಿ ಹತ್ತು. ಗೈರುಹಾಜರಿ ಒಂದು: ಎಚ್. ಬಸವ್ವ.’ ಏನೇ ಇದು? ಒಬ್ಬಳು ಬಂದೇ ಇಲ್ವಲ್ಲ! ಪಾಪ, ಯಾರೇ ಈ ಬಸವ್ವ?”

“ನಾನೇ ಕಣ್ರೀ!”

ಅವರು ಪೇಪರ್ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. “ನೀನ್ಯಾವಾಗ ಬಸವ್ವ ಆಗಿದ್ದೆ?”

“ನೀವು ಹೆಸರು ಬದಲಾಯಿಸೋಕೆ ಮುಂಚೆ! ಬೇಕಾದ್ರೆ ಹಾಜರಿ ಪುಸ್ತಕ ನೋಡಿ!”

“ಅದರಲ್ಲೇ ಆಬ್ಸೆಂಟ್ ಅಂತ ಇದೆಯಲ್ಲೇ! ಅಬ್ಬಬ್ಬಾ, ಒಂದು ಲೋಟ ಕಾಫಿಗೋಸ್ಕರ ಸ್ವಂತ ಹೆಸರನ್ನೇ ಬದಲಾಯಿಸ್ಕೊಳ್ಳೋ ಹೆಂಗಸನ್ನ ಇವತ್ತೇ ನೋಡಿದ್ದು ನಾನು!”

ಉತ್ತರ ಕೊಡಲು ಬಾಯಿ ತೆರೆದೆ. ಒಳ್ಳೆಯ ಉತ್ತರವೇ ಇತ್ತು, ಉದ್ದವೂ ಇತ್ತು. ಅಷ್ಟರಲ್ಲಿ ಅವರು ಪೇಪರ್ ಎತ್ತಿಕೊಂಡರು. “ಜಗದಾ, ಕಾಫಿ! ಸಕ್ಕರೆ ಸ್ವಲ್ಪ ಕಮ್ಮಿ.”

“ಬಂದೇ!” ಎಂದೆ. ಆ ಹೆಸರಿನಲ್ಲಿ ನಾನು ಒಂದು ದಿನವೂ ಆಬ್ಸೆಂಟ್ ಆದವಳಲ್ಲ.