ಮೊಮ್ಮಗಳು ಒಪ್ಪದೆ ಒಂದು ಸಾಲೂ ಒಳಕ್ಕೆ ಹೋಗಲ್ಲ

ವಾರಕ್ಕೊಂದು ನಗೋ ಸಂಗತಿ ಸಿಗದಿದ್ರೆ ನನಗೆ ಉಂಡಿದ್ದು ಅರಗಲ್ಲ. ಮೊದಲೆಲ್ಲ ಅದಕ್ಕೆ ಪಾಂಡವಪುರದ ನಮ್ಮ ಬೀದೀಲಿ ಅಕ್ಕಪಕ್ಕದ ಮನೆ ಇಣುಕಬೇಕಿತ್ತು. ಈಗ ಮೊಮ್ಮಗಳ ಕಂಪ್ಯೂಟರಿನಿಂದಲೇ ಹಜಾರಕ್ಕೆ ಇಳಿದು ಬರ್ತವೆ.

ಅವಳು ಶ್ರೀರಂಗಪಟ್ಟಣದ ಒಂದು ಸಣ್ಣ ಆಫೀಸಲ್ಲಿದ್ದಾಳೆ. ಕೆ.ಆರ್. ಪೇಟೆ ಕಡೆ ಹಳ್ಳಿ ಡೈರಿಗಳಿಗೆ ಯಾರು ಎಷ್ಟು ಹಾಲು ಹಾಕಿದ್ರು ಅಂತ ಇಟ್ಟುಕೊಳ್ಳೋ ಮೊಬೈಲ್ ಆಪು ಮಾಡ್ತಾರೆ. ಎಷ್ಟೋ ದಿನ ಮನೇಲೇ ಕೂತು ಕೆಲಸ.

ಸಾರಿನ ಪಾತ್ರೆ

ಆಪು ಹೆಂಗೆ ನಡೀಬೇಕು ಅಂತ ಆಫೀಸಿನೋರೆಲ್ಲ ಬರೆದ ಕೋಡನ್ನ ಕಂಪ್ಯೂಟರಿನಲ್ಲೇ ಒಂದು ಕಡೆ ಸೇರಿಸಿ ಇಡ್ತಾರಂತೆ. ಅಲ್ಲಿಗೆ ಹೊಸ ಏರ್ಪಾಡು ಬಂತು. ಏನಮ್ಮಿ ಅದು ಅಂದೆ.

"ಅಜ್ಜಿ, ಇನ್ಮೇಲೆ ಬರೆದೋರೇ ಒಳಕ್ಕೆ ಸೇರ್ಸಂಗಿಲ್ಲ. ಬೇರೆ ಇಬ್ರು ನೋಡಿ ಸರಿ ಅಂತ ಒತ್ತಬೇಕು. ಒಂದೊಂದು ಭಾಗಕ್ಕೂ ಒಬ್ಬೊಬ್ರು ಯಜಮಾನ್ರು. ಹಾಲಿನ ಲೆಕ್ಕದ ಭಾಗಕ್ಕೆ ನಾನು ಕಣಜ್ಜಿ. ನಾನು ಒಪ್ಪದೆ ಯಾರೂ ಅದನ್ನ ಮುಟ್ಟಂಗಿಲ್ಲ."

ನನಗೆ ಥಟ್ಟಂತ ಅರ್ಥವಾಯ್ತು. ಮೂರು ಜನ ಸೊಸೇರು ಒಂದೇ ಅಡುಗೆಮನೇಲಿದ್ದಾಗ ಒಬ್ಬೊಬ್ಬಳೂ ಹೋಗ್ತಾ ಬರ್ತಾ ಬಸ್ಸಾರಿಗೆ ಉಪ್ಪು ಹಾಕೋಳು. ಬೀಗರು ಬಂದ ದಿನ ಒಂದು ತುತ್ತು ಬಾಯಿಗಿಟ್ಟು ಚೊಂಬು ನೀರು ಕುಡಿದ್ರು. ಕೇಳಿದ್ರೆ ಮೂವರೂ "ನಾನಲ್ಲ ಕಣತ್ತೆ" ಅಂದ್ರು.

"ಅವತ್ತೇ ಈ ಏರ್ಪಾಡು ಇರಬೇಕಿತ್ತು" ಅಂದೆ.

ಒಳಗಿಂದ ಮೊಮ್ಮಗಳ ತಾಯಿ ಕೂಗಿದಳು: "ಕೊನೇ ಹಿಡಿ ಹಾಕಿದ್ದು ನೀವೇ ಕಣತ್ತೆ."

ನನಗೆ ಕಿವಿ ಮಂದ. ಕೆಲವು ಮಾತು ಕೇಳಿಸೋದೇ ಇಲ್ಲ.

ಬತ್ತಿದ ಎಮ್ಮೆ

ಆಫೀಸಿನ ಯಜಮಾನ್ರ ಭಾಮೈದನೂ ಅಲ್ಲೇ ಕೆಲಸಕ್ಕಿದ್ದಾನೆ. ನಾಗಮಂಗಲದ ಕಡೆಯೋನು. ಅಕ್ಕ ಕೊಟ್ಟ ಕುರ್ಚಿ ಅದು ಅಂತ ಊರಿಗೇ ಗೊತ್ತು. ಅವನು ಹಾಲಿನ ಭಾಗಕ್ಕೆ ಏನೋ ಹೊಸದು ಬರೆದು ಕಳಿಸಿದ. ಒಂದೊಂದು ಸಾಲಿನ ಪಕ್ಕದಲ್ಲೂ ಹುಳುಕು ಬರೆಯೋಕೆ ಜಾಗ ಇದೆಯಂತೆ. ಇವಳು ಒಂದು ಸಾಲಿನ ಪಕ್ಕ ಬರೆದಳು, ಒಪ್ಪಿಗೆ ಕೊಡಲಿಲ್ಲ.

ಅವನು ಫೋನಿಗೇ ಬಂದ. "ಏನಮ್ಮ, ನನ್ನ ಕೆಲಸ ತಡೀತೀಯಾ?"

"ಸಾರ್, ರೈತರು ಒಂದು ದಿನ ಹಾಲು ತರದಿದ್ರೆ ನಿಮ್ಮ ಕೋಡು ನಿನ್ನೆ ಹಾಲನ್ನೇ ಇವತ್ತಿಗೂ ಬರ್ಕೊತದೆ. ಎಮ್ಮೆ ಬತ್ತೋದ್ರೂ ಲೆಕ್ಕದಲ್ಲಿ ಕರೀತಾನೇ ಇರ್ತದೆ."

"ನಾಳಿದ್ದು ಡೈರಿಯವರು ಆಪು ನೋಡಕ್ಕೆ ಬತ್ತಾವ್ರೆ. ಒತ್ತದಿದ್ರೆ ಕೆಲಸ ಇರಲ್ಲ, ನೋಡ್ಕೊ."

ಹುಡುಗಿ ಮುಖ ಸಪ್ಪಗಾಯ್ತು. ಆದ್ರೂ ಒತ್ತಲಿಲ್ಲ. ನಾನು ಫೋನಿಗೆ ಬಾಯಿ ಹಾಕಿ ಅಂದೆ: "ಅಂಥಾ ಎಮ್ಮೆ ಸಿಕ್ರೆ ನಮಗೂ ಒಂದು ಹೊಡ್ಕೊಂಡು ಬಾಪ್ಪ. ಹುಲ್ಲು ಹಾಕೋದು ತಪ್ತದೆ."

ತಟ್ಟೆ ಬಂತು

ಮಾರನೇ ದಿನ ಬಾಗಿಲಲ್ಲಿ ಕಾರು. ಯಜಮಾನ್ರು, ಅವರ ಹೆಂಡತಿ, ಹಿಂದೆ ಇಸ್ತ್ರಿ ಅಂಗಿ ಹಾಕ್ಕೊಂಡ ಭಾಮೈದ. ಕೈಯಲ್ಲಿ ತಟ್ಟೆ: ಎಲೆ ಅಡಿಕೆ, ಬಾಳೆಹಣ್ಣು, ಹೂವು. ಕಂಪ್ಯೂಟರಲ್ಲಿ ಒತ್ತಬೇಕಾದ್ದಕ್ಕೆ ಮನೆ ಹಿರಿಯಳ ಹತ್ರ ತಾಂಬೂಲ ಹಿಡ್ಕೊಂಡು ಬರೋರು ನಮ್ಮ ಸೀಮೇಲಿ ಮಾತ್ರ ಸಿಕ್ತಾರೆ. ಎದುರು ಮನೆಯೋಳು ಸೀರೆ ಬದಲಾಯಿಸಿಕೊಂಡೇ ಬಂದುಬುಟ್ಟಳು. "ಸಂಬಂಧ ಯಾವಾಗ ಗೊತ್ತಾಯ್ತು? ಗಂಡು ಯಾವೂರು?" ಅಂತ ಕಿವೀಲಿ. ಕೂತ್ಕೊ ಅಂದೆ. ಸಾಕ್ಷಿ ಇರಲಿ ಅಂತ.

ಯಜಮಾನ್ರು ಕೈ ಮುಗಿದ್ರು. "ಅಮ್ಮಾರೇ, ನೀವೊಂದು ಮಾತು ಹೇಳಿ. ಈ ಸಲ ಒಪ್ಕೊಂಡುಬುಡ್ಲಿ."

"ಈ ಏರ್ಪಾಡು ತಂದೋರು ಯಾರು ಸ್ವಾಮಿ?"

"ನಾನೇ. ಡೈರಿಯವರಿಗೆ ನಂಬಿಕೆ ಬರಲಿ ಅಂತ."

"ಬಾಗಿಲಿಗೆ ನೀವೇ ಬೀಗ ಜಡ್ದು, ಭಾಮೈದನ್ನ ಕಿಟಕೀಲಿ ತೂರಿಸ್ತಿದ್ದೀರಲ್ಲ."

ಮೊಮ್ಮಗಳು ಮೆತ್ತಗೆ ಅಂದಳು: "ಬೇಕಾದ್ರೆ ಯಜಮಾನಿಕೆಯಿಂದ ನನ್ನ ಹೆಸರು ತೆಗೀರಿ ಸಾರ್. ತಪ್ಪಿಗೆ ಮಾತ್ರ ಒತ್ತಲ್ಲ." ನನ್ನ ಎದೆ ಹಂಗೇ ಉಬ್ಬಿ ಬಂತು. ಬಂದೋರು ಮೂವರೂ ಎದ್ದು ಕಾರು ಹತ್ತಿದ್ರು.

ತಟ್ಟೆ ವಾಪಸ್ ಕಳಿಸಿದೆ. ಬಾಳೆಹಣ್ಣು ಇಟ್ಕೊಂಡೆ. ಎದುರು ಮನೆಯೋಳು ಅಷ್ಟರಲ್ಲಿ ನಾಲ್ಕು ಸುಲಿದಾಗಿತ್ತು.

ಇಬ್ಬರು ನೋಡಿ ಬಿಟ್ಟಿದ್ದು

ನಡೆದದ್ದನ್ನ ಬೀದಿಯೋರಿಗೆ ಹೇಳೋಕೆ ನಾನು ಸೆರಗು ಸಿಕ್ಕಿಸಿಕೊಂಡು ಜಗಲಿಗೆ ಹೊರಟೆ. ಮೊಮ್ಮಗಳು ಅಡ್ಡ ನಿಂತಳು.

"ಅಜ್ಜಿ, ಸುಮ್ನಿರು. ನಂದು ಕೆಲಸ ಹೋಯ್ತದೆ. ನಿನಗೂ ಇವತ್ತಿಂದ ಅದೇ ಏರ್ಪಾಡು. ಮೊದಲು ಇಬ್ರಿಗೆ ತೋರ್ಸು, ಅವರು ಸರಿ ಅಂದ್ರೆ ಮಾತ್ರ ಊರಿಗೆ ಬುಡು."

ಇಬ್ಬರು ಅಂದ್ರೆ ಬಾಯಿ ಮುಚ್ಕೊಂಡು ಕೂತೇನು ಅಂದುಕೊಂಡಳು ಪಾಪ. ಕಾಯಿದೆ ಕಾಯಿದೇನೇ. ದಿನಾ ಬಸ್ಸಲ್ಲಿ ಮೇಲುಕೋಟೆಗೆ ಹೋಗೋ ಹೂವಿನಮ್ಮನಿಗೆ ತೋರಿಸಿದೆ. "ಬಾಳೆಹಣ್ಣು ಅನ್ನಬೇಡ, ಗೊನೆ ಅನ್ನು" ಅಂತ ತಿದ್ದಿ ಒಪ್ಪಿದಳು. ನಾಗಮಂಗಲದ ಹತ್ರ ದೇವಲಾಪುರದಲ್ಲಿರೋ ನನ್ನ ತಂಗಿಗೆ ಫೋನ್ ಮಾಡಿದೆ. "ಬತ್ತಿದ ಎಮ್ಮೆ ಮಾತು ಮೊದಲು ಬರ್ಲಿ ಕಣಕ್ಕ" ಅಂತ ಅವಳೂ ಒಪ್ಪಿದಳು.

ನಾನು ಜಗಲಿಗೆ ಬಂದು ಬಾಯಿ ತೆಗೆಯೋ ಹೊತ್ತಿಗೆ ಊರೇ ನನಗೆ ವಾಪಸ್ ಹೇಳ್ತಿತ್ತು.

ನನ್ನ ತಂಗಿ ಹಾಲು ಹಾಕೋ ಡೈರೀಲೇ ಭಾಮೈದನ ತಾಯಿನೂ ಹಾಕೋದು. ಆ ಸಂಜೆ ಸಾಲಲ್ಲಿ ಯಾರೋ ಕೇಳಿದ್ರಂತೆ: "ನಿಮ್ಮನೇಲಿ ಕರೀದೆ ಹಾಲು ಬರೋ ಎಮ್ಮೆ ಐತಂತಲ್ಲ?" ಅವರು ಅಲ್ಲಿಂದಲೇ ಮಗನಿಗೆ ಫೋನ್ ಹಚ್ಚಿ, "ಲೇ, ಆ ಹುಡುಗಿ ಹೇಳ್ದಂಗೆ ತಿದ್ಲಾ, ನನಗೆ ಕ್ಯಾನು ಹಿಡ್ಕೊಂಡು ಓಡಾಡಕ್ಕಾಯ್ತಿಲ್ಲ" ಅಂದ್ರಂತೆ.

ಬೆಳಗಾಗೋದ್ರೊಳಗೆ ಸಾಲು ಸರಿಯಾಗಿತ್ತು. ಮೊಮ್ಮಗಳು ನೋಡಿ ಒತ್ತಿದಳು. ಡೈರಿಯವರು ಬಂದು, ಎಲ್ಲ ಬಿಟ್ಟು ಅದನ್ನೇ ಕೇಳಿದ್ರಂತೆ: ಎಮ್ಮೆ ತಡೆದ ಹುಡುಗಿ ಯಾರು? ಡೈರಿ ಲೆಕ್ಕದ ಕೆಲಸ ಇವಳ ಆಫೀಸಿಗೇ ಸಿಕ್ತು. ಈಗ ಹಾಲಿನ ಭಾಗ ಒಂದೇ ಅಲ್ಲ, ಎಲ್ಲ ಭಾಗಕ್ಕೂ ನನ್ನ ಮೊಮ್ಮಗಳ ಒಪ್ಪಿಗೆ ಬೇಕು.

ಯಜಮಾನ್ರು ಅವತ್ತೇ ಫೋನ್ ಮಾಡಿದ್ರು. "ಎಲ್ಲಾ ಸರಿ ಅಮ್ಮಾರೇ, ಮನೆ ಒಳಗಿನ ಮಾತು ನಾಗಮಂಗಲಕ್ಕೆ ಯಾರು ಬುಟ್ಟಿದ್ದು?"

"ಸುಮ್ಸುಮ್ನೆ ಬುಟ್ಟಿಲ್ಲ ಸ್ವಾಮಿ" ಅಂದೆ. "ನಿಮ್ಮ ಏರ್ಪಾಡಿನಂಗೇ, ಇಬ್ರು ನೋಡಿ ತಿದ್ದಿ ಒಪ್ಪಿದ ಮೇಲೇ ಹೋಗಿದ್ದು."