ಒಲೆಯ ಪಕ್ಕದ ಮೊಳೆ

ಕಳೆದ ಚಳಿಗಾಲದಲ್ಲಿ ನಾನೊಂದು ಘೋಷಣೆ ಮಾಡಿದೆ: "ಈ ಸಲ ನಮ್ಮ ಮನೆ ಸೌದೆಯಿಂದಲ್ಲ, ವಿದ್ಯೆಯಿಂದ ಬೆಚ್ಚಗಿರುತ್ತೆ!"

ಕೇಳಿಸಿಕೊಂಡವಳು ನನ್ನ ಹೆಂಡತಿ ಸೈಮಿ ಒಬ್ಬಳೇ. ಕಾಲುಚೀಲ ಹೆಣೆಯುತ್ತಿದ್ದವಳು ತಲೆ ಎತ್ತಲಿಲ್ಲ.

ನಮ್ಮದು ಫಿನ್ಲೆಂಡಿನ ಒಂದು ಮೂಲೆಯ ಹಳ್ಳಿ. ಜನವರಿಯಲ್ಲಿ ಮೈನಸ್ ಮೂವತ್ತು ಎಂದರೆ ಇಲ್ಲಿ ಯಾರೂ ಅದನ್ನು ಸುದ್ದಿ ಎನ್ನುವುದಿಲ್ಲ. ಸೈಮಿಯ ಮಂಡಿನೋವಿಗೆ ಬಿಸಿಲು ಬೇಕೆಂದು ಎಂಟು ವಾರ ಸ್ಪೇನಿಗೆ ಹೊರಟಿದ್ದೆವು. ನೀರು ಹೆಪ್ಪುಗಟ್ಟಿ ಒಡೆಯದಿರಲೆಂದು ಕೊಳವೆಗಳನ್ನು ಬರಿದು ಮಾಡಿದ್ದಾಯಿತು. ಉಳಿದದ್ದು ಕಳ್ಳಿಗಿಡ. ಮಲಗುವ ಕೋಣೆಯ ಕಿಟಕಿಯಲ್ಲಿದ್ದ ಆ ಹೂಗಳ್ಳಿ ಹಳೆಯದು; ಸೈಮಿಯ ಅಜ್ಜಿ ಯುದ್ಧದ ಚಳಿಗಾಲದಲ್ಲಿ ಊರು ಬಿಟ್ಟು ಬರುವಾಗ ಬೆಳ್ಳಿ ಚಮಚಗಳನ್ನು ಅಲ್ಲೇ ಬಿಟ್ಟು, ಇದನ್ನು ಮಾತ್ರ ಶಾಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ತಂದಿದ್ದಳು. ಅದು ಚಳಿಗೆ ಸತ್ತರೆ ನಾನು ಸ್ಪೇನಿನಲ್ಲೇ ಉಳಿಯುವುದು ಕ್ಷೇಮ.

"ಹೆಲ್ವಿ ಹತ್ರ ಬೀಗದ ಕೈ ಕೊಟ್ಟು ಹೋಗೋಣ" ಎಂದಳು ಸೈಮಿ. ಹೆಲ್ವಿ ಪಕ್ಕದ ಮನೆಯ ಎಪ್ಪತ್ತೆಂಟರ ಮುದುಕಿ.

"ಬೇಡ. ಫೋನಿರೋವಾಗ ಬೀಗದ ಕೈ ಯಾಕೆ?"

ಇದಕ್ಕೊಂದು ಖಾಸಗಿ ಕಾರಣವೂ ಇತ್ತು. ಕುಡಿಯಬೇಡಿ ಎಂದು ಡಾಕ್ಟರು ನನಗೆ ಕಟ್ಟಪ್ಪಣೆ ಮಾಡಿದ್ದರು. ಆದರೂ ಕಾಡಿನ ಹಣ್ಣು ತಂದು ನಾನೇ ಹುದುಗಿಸಿದ ಹನ್ನೆರಡು ಬಾಟಲಿ ವೈನು ನನ್ನ ಮಂಚದ ಕೆಳಗೆ, ಹಳೆಯ ಬೂಟುಗಳ ಹಿಂದೆ, ತಪಸ್ಸಿಗೆ ಕೂತಿತ್ತು. ಹೆಲ್ವಿ ಕಸಬರಿಗೆ ಹಿಡಿದರೆ ಮಂಚದ ಕೆಳಗನ್ನೂ ಬಿಡುವವಳಲ್ಲ.

ನಮ್ಮ ವಂಶದಲ್ಲಿ ಕಾಲೇಜು ಕಂಡ ಮೊದಲಿಗ ನಾನು. ಅಪ್ಪ ಮರದ ಗೋಡೆಗೆ ಅಂಗೈ ಒತ್ತಿ ಮನೆಯ ಬಿಸಿ ಅಳೆಯುತ್ತಿದ್ದ. ಮನೆಯ ಬಿಸಿಯನ್ನು ಫೋನಿನಲ್ಲಿ ತೋರಿಸುವ, ಹೀಟರುಗಳನ್ನು ಅಲ್ಲಿಂದಲೇ ಏರಿಸಿ ಇಳಿಸುವ ಯಂತ್ರ ನಾನು ತಂದೆ. ಕೈಪಿಡಿಯನ್ನು ಎರಡು ಸಲ ಓದಿ ಮುಖ್ಯ ಸಾಲುಗಳಿಗೆ ಕೆಂಪು ಗೆರೆ ಎಳೆದೆ. ಶಾಖ ಅಳೆಯುವ ಡಬ್ಬಿಯನ್ನು ಒಲೆಯ ಹತ್ತಿರ ತೂಗುಹಾಕಬಾರದು ಎಂದಿತ್ತು. ಆದರೆ ಅಡುಗೆಮನೆಯ ದೊಡ್ಡ ಇಟ್ಟಿಗೆ ಒಲೆಯ ಪಕ್ಕದಲ್ಲಿ ಅಪ್ಪನ ಟೋಪಿ ತೂಗುತ್ತಿದ್ದ ಗಟ್ಟಿ ಮೊಳೆಯೊಂದಿತ್ತು. ಎಂಟು ವಾರ ಹಚ್ಚುವವರೇ ಇಲ್ಲದ ಮೇಲೆ ಅದು ಒಲೆಯಲ್ಲ, ಬರೀ ಇಟ್ಟಿಗೆ ರಾಶಿ ಎಂದು ತರ್ಕಿಸಿ ಡಬ್ಬಿಯನ್ನು ಅಲ್ಲೇ ನೇತುಹಾಕಿದೆ. ವಿದ್ಯುತ್ ಹೀಟರುಗಳನ್ನು ಹತ್ತು ಡಿಗ್ರಿಗೆ ಇಟ್ಟು ಹೊರಟೆವು.

ಸ್ಪೇನಿನಲ್ಲಿ ಸಮುದ್ರವಿತ್ತಂತೆ. ನಾನು ನೋಡಿದ್ದು ಫೋನು. ಮೀನಿನ ಅಂಗಡಿಯಲ್ಲಿ ನೋಡಿದೆ, ಚರ್ಚಿನಲ್ಲಿ ನೋಡಿದೆ, ಕ್ಷೌರದ ಕುರ್ಚಿಯಲ್ಲಿ ನೋಡಲು ಹೋಗಿ ಕಿವಿ ಕೊಯ್ಯಿಸಿಕೊಂಡೆ.

"ಎಷ್ಟಂತೆ?" ಎಂದಳು ಸೈಮಿ.

"ಹತ್ತು."

"ಕಾಲು ಗಂಟೆ ಹಿಂದೆ?"

"ಹತ್ತು."

"ಹಾಗಾದ್ರೆ ಇನ್ನೊಂದು ಸಲ ನೋಡು, ಪಾಪ, ಅದಕ್ಕೂ ಬೇಜಾರಾಗಿರುತ್ತೆ."

ಆರನೆಯ ದಿನ ಹದಿನೇಳು. ಏಳನೆಯ ದಿನ ಇಪ್ಪತ್ತನಾಲ್ಕು. ಹೀಟರಿಗೆ ಹುಚ್ಚು ಹಿಡಿದಿದೆ ಎಂದು ಎಂಟಕ್ಕೆ ಇಳಿಸಿದೆ, ಐದಕ್ಕೆ ಇಳಿಸಿದೆ. ಮನೆ ಇಪ್ಪತ್ತಾರಕ್ಕೆ ಏರಿತು. ಕಡೆಗೆ ಎಲ್ಲವನ್ನೂ ಆರಿಸಿಬಿಟ್ಟೆ. ಆದರೂ ಇಪ್ಪತ್ತೈದು!

ಆಗ ನನ್ನೊಳಗಿನ ವಿಜ್ಞಾನಿ ಎದ್ದು ಕೂತ. ನಲವತ್ತು ವರ್ಷದ ಬೆಂಕಿಯನ್ನು ಕುಡಿದ ಇಟ್ಟಿಗೆಗಳು ಈಗ ಋಣ ತೀರಿಸುತ್ತಿವೆ ಎಂಬ ಸಿದ್ಧಾಂತ ಹುಟ್ಟಿತು. ನೋಟುಪುಸ್ತಕದಲ್ಲಿ ನಕ್ಷೆ ಬರೆದೆ. ಸೈಮಿಗೆ ತೋರಿಸಿದೆ.

ಅವಳ ಹೆಣಿಗೆ ನಿಂತಿತು. "ಹೀಟರ್ ಆರಿಸಿ ಎಷ್ಟು ದಿನ ಆಯ್ತು?"

"ಹನ್ನೊಂದು. ಒಂದು ಚೂರು ಕರೆಂಟಿಲ್ಲದೆ!"

"ಎಸ್ಕೋ, ಹೆಲ್ವಿಗೆ ನಾನು ಬೀಗದ ಕೈ ಕೊಟ್ಟು ಬಂದಿದ್ದೀನಿ. ಚಿಮಣಿಯಲ್ಲಿ ಹೊಗೆ ಕಾಣದ ಮನೆ ಪಕ್ಕದಲ್ಲಿದ್ರೆ ಅವಳಿಗೆ ಊಟ ಸೇರಲ್ಲ. ಆಗಾಗ ಒಲೆ ಹಚ್ಚು ಅಂದಿದ್ದೆ."

ನನ್ನ ಸಿದ್ಧಾಂತ ಅಲ್ಲೇ ಅಸುನೀಗಿತು. ಒಲೆ ಉರಿಯುತ್ತಿದೆ, ಅದರ ಪಕ್ಕದ ಡಬ್ಬಿ ಸುಖವಾಗಿದೆ. ಬಾಗಿಲು ಮುಚ್ಚಿದ ಮಲಗುವ ಕೋಣೆಯಲ್ಲಿ ಹೀಟರು ಆರಿದೆ. ಹೊರಗೆ ಮೈನಸ್ ಮೂವತ್ತೊಂದು.

"ಅಜ್ಜಿಯ ಗಿಡ" ಎಂದಳು ಸೈಮಿ. ಹೆಲ್ವಿಗೆ ಫೋನು ಹಚ್ಚಿದೆ. ಸೈಮಿ ಸ್ಪೀಕರ್ ಒತ್ತಿದಳು.

"ಯಾರು, ಎಸ್ಕೋನಾ? ಬೇಗ ಹೇಳೋ, ಕೈಯೆಲ್ಲ ಹಿಟ್ಟು. ನಮ್ಮನೆ ಒಲೆ ಬಿರುಕು ಬಿಟ್ಟಿದೆ, ದಿನಾ ನಿಮ್ಮಲ್ಲೇ ರೊಟ್ಟಿ ಸುಡ್ತಿದ್ದೀನಿ."

"ಹೆಲ್ವಿ, ಆ ಕಳ್ಳಿಗಿಡ... ಬದುಕಿದೆಯಾ?"

"ಅದಕ್ಕೇನು ಬಂತು ರೋಗ? ನಿನ್ನ ಕೋಣೆ ಗೋಡೆಗೆ ಅಂಗೈ ಇಟ್ಟು ನೋಡಿದೆ, ಚಳಿ ಕೊರೀತು. ಆವತ್ತೇ ತಂದು ಅಡುಗೆಮನೆಯಲ್ಲಿಟ್ಟೆ. ಈಗ ಮೈತುಂಬ ಹೂವು. ನಿಮ್ಮಪ್ಪ ಇದ್ದಿದ್ರೆ ಆ ಕೋಣೇನ ಹಾಗೆ ಬಿಡ್ತಿರಲಿಲ್ಲ ಕಣೋ."

ಸೈಮಿ ಕಣ್ಣೊರೆಸಿಕೊಂಡು ನಕ್ಕಳು. ನನ್ನ ಹೆಗಲನ್ನೂ ತಟ್ಟಿದಳು. ಬದುಕಿದೆ ಬಡಜೀವವೇ ಎಂದುಕೊಂಡು, "ಸರಿ ಹೆಲ್ವಿ, ಇಡ್ತೀನಿ" ಎಂದೆ.

"ಇರೋ, ಏನವಸರ? ಇವತ್ತು ಆ ಕೋಣೆ ಗುಡಿಸೋಣ ಅಂತ ಹೋದೆ. ಮಂಚದ ಕೆಳಗೆಲ್ಲ ಕೆಂಪು ಮಂಜುಗಡ್ಡೆ! ಯಾರನ್ನೋ ಕಡಿದು ಹಾಕಿದ್ದಾರೆ ಅಂತ ಎದೆ ಧಸಕ್ ಅಂತು. ಮೂಸಿ ನೋಡಿದ್ರೆ ವೈನು. ಹನ್ನೊಂದು ಬಾಟಲಿ ಹೆಪ್ಪುಗಟ್ಟಿ ಒಡೆದಿವೆ. ಹನ್ನೆರಡನೇದು ನೆಟ್ಟಗಿದೆ, ನಿನಗೆ ತೆಗೆದಿಡ್ಲಾ?"

ಹೆಗಲ ಮೇಲಿನ ಕೈ ಹೊರಟುಹೋಯಿತು.

"ಹೆಲ್ವಿ, ಅದನ್ನ ನೀನೇ ಇಟ್ಕೋ" ಎಂದಳು ಸೈಮಿ, ಬಹಳ ಮೆಲ್ಲಗೆ.

ಸ್ಪೇನಿನಲ್ಲಿ ಅಂದು ಇಪ್ಪತ್ತೆರಡು ಡಿಗ್ರಿ ಬಿಸಿಲು. ಅಲ್ಲಿನ ನಮ್ಮ ಕೋಣೆಯೊಳಗೆ ಮಾತ್ರ ಮೈನಸ್ ಮೂವತ್ತು. ಅದನ್ನು ಏರಿಸುವ ಗುಂಡಿಗಾಗಿ ಫೋನಿನಲ್ಲಿ ಬಹಳ ಹುಡುಕಿದೆ. ಕೈಪಿಡಿಯಲ್ಲೂ ಇರಲಿಲ್ಲ.